ಲಿಂಬಿಗಿಡದ ನೆರಳು

ಮೊನ್ನೆ ಓಣಿಯ ಅಂಗಡಿಯವನು ನಾನು ಕೇಳಿದ ಸಾಬೂನು ಮುಗಿದಿದೆ ಎಂದು ಬೇರೊಂದನ್ನು ಕೈಗಿಟ್ಟ. ಪಾತ್ರೆ ತಿಕ್ಕುವ ಹಸಿರು ಬಿಲ್ಲೆ. ಹೊದಿಕೆಯ ಮೇಲೆ ಅರ್ಧಕ್ಕೆ ಕೊಯ್ದ ಲಿಂಬೆಹಣ್ಣಿನ ಚಿತ್ರ, ಪಕ್ಕದಲ್ಲಿ ಮಿರಿಮಿರಿ ಮಿಂಚುವ ಎರಡು ಎಲೆ. ಸಂಜೆ ಚಹಾದ ಪಾತ್ರೆ ತೊಳೆಯಲು ನಿಂತು ಅದಕ್ಕೆ ನೀರು ತಾಕಿಸಿದೆನಷ್ಟೆ, ಘಮ್ಮೆಂದು ಒಂದು ವಾಸನೆ ಮೂಗಿಗೆ ಅಡರಿತು. ನನಗೆ ನಖಶಿಖಾಂತ ಸಿಟ್ಟು ಬಂತು.

ಸಾಬೂನಿನ ಮೇಲೆ ಯಾರಾದರೂ ಸಿಟ್ಟಾಗುತ್ತಾರೆಯೇ ಎಂದು ನೀವು ಕೇಳಬಹುದು. ಕೇಳಿ, ಬೇಸರವಿಲ್ಲ. ನನ್ನ ಸಿಟ್ಟು ಗಂಗಾವತಿಗೆಲ್ಲ ಗೊತ್ತಿರುವ ಸಂಗತಿ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತ ಕೂದಲು ಬೆಳ್ಳಗಾದವಳು ನಾನು. ಹುಡುಗರು ಬೆನ್ನ ಹಿಂದೆ ಆಸಿಡ್ ಮೇಡಂ ಎನ್ನುತ್ತಿದ್ದರು. ಬಸ್ಸಿನಲ್ಲಿ ಕಿಟಕಿ ಮುಚ್ಚದವರ ಮೇಲೆ, ಮುಚ್ಚಿದವರ ಮೇಲೆ, ಏಲಕ್ಕಿ ಚಹಾ ಎಂದು ಬರೀ ಸಕ್ಕರೆ ನೀರು ಕೊಡುವ ಹೋಟೆಲಿನವರ ಮೇಲೆ, ಎಲ್ಲರ ಮೇಲೂ ಸಿಟ್ಟಾಗಿದ್ದೇನೆ. ವಯಸ್ಸಾದಂತೆ ಕಡಿಮೆಯಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಆ ಡಾಕ್ಟರ ಮೇಲೂ ಒಂದು ಸಲ ಹರಿಹಾಯ್ದಿದ್ದೆ.

ಆದರೆ ಈ ವಾಸನೆಯ ಸಿಟ್ಟು ಹಳೆಯದು. ಮೊದಲನೆಯದಾಗಿ, ಸಾಬೂನಿನಲ್ಲಿದ್ದದ್ದು ಲಿಂಬೆಯ ವಾಸನೆಯೇ ಅಲ್ಲ. ಲಿಂಬೆಯ ಸಿಪ್ಪೆಯನ್ನು ಬೆಳಕಿಗೆ ಹಿಡಿದು ನೋಡಿದ್ದೀರಾ? ಮೈತುಂಬ ಸಣ್ಣ ಸಣ್ಣ ಗುಳಿಗಳು. ಒಂದೊಂದು ಗುಳಿಯ ಕೆಳಗೂ ಒಂದೊಂದು ಎಣ್ಣೆಯ ಚೀಲ. ಆ ಎಣ್ಣೆಯಲ್ಲಿ ದೊಡ್ಡ ಪಾಲು ಲಿಮೊನೀನ್ ಎಂಬ ವಸ್ತು. ಅದೊಂದನ್ನೇ ಮೂಸಿದರೆ ಕಿತ್ತಳೆಯೋ ಲಿಂಬೆಯೋ ತಿಳಿಯುವುದಿಲ್ಲ. ಲಿಂಬೆಯನ್ನು ಲಿಂಬೆ ಮಾಡುವುದು ಚೂರೇ ಚೂರು ಇರುವ ಸಿಟ್ರಾಲ್. ಮಜ್ಜಿಗೆಹುಲ್ಲನ್ನು ತಿಕ್ಕಿದಾಗ ಬರುವುದೂ ಅದೇ. ಇವರಿಬ್ಬರ ಹಿಂದೆ ಇನ್ನೂ ಹತ್ತಾರು ಜನ ಇದ್ದಾರೆ, ಕೆಲವರು ಹೂವಿನಂತೆ, ಕೆಲವರು ಹಸಿ ಕಟ್ಟಿಗೆಯಂತೆ ನಾರುವವರು. ಅದೊಂದು ತುಂಬಿದ ಸಂಸಾರ. ಸಾಬೂನು ಮಾಡುವವರು ಅದರೊಳಗಿನ ಒಬ್ಬಿಬ್ಬರನ್ನು ಕರೆತಂದು ಬಾಗಿಲಲ್ಲಿ ನಿಲ್ಲಿಸಿ, ನೋಡಿ ಇದೇ ಮನೆ ಎನ್ನುತ್ತಾರೆ.

ನಾನು ಪ್ರತಿವರ್ಷ ಹೊಸ ಹುಡುಗರಿಗೆ ಮೊದಲ ಪಾಠಕ್ಕೆ ಲಿಂಬೆಹಣ್ಣು ಹಿಡಿದುಕೊಂಡೇ ಹೋಗುತ್ತಿದ್ದೆ. ಮೇಜಿನ ಮೇಲೆ ಮೇಣದಬತ್ತಿ ಹಚ್ಚಿ, ಸಿಪ್ಪೆಯನ್ನು ಮಡಿಚಿ ಅದರ ಕಡೆ ಹಿಂಡಿದರೆ ಚಟಚಟ ಕಿಡಿ ಹಾರುತ್ತದೆ. ರಸ ಉರಿಯುವುದಿಲ್ಲ, ಎಣ್ಣೆ ಉರಿಯುತ್ತದೆ. ಹುಳಿ ಒಳಗಿನ ರಸದಲ್ಲಿ, ವಾಸನೆ ಹೊರಗಿನ ಸಿಪ್ಪೆಯಲ್ಲಿ. ಎರಡೂ ಒಂದೇ ಎಂದುಕೊಂಡವರು ಕೈ ಎತ್ತಿ ಎಂದರೆ ಇಡೀ ತರಗತಿ ಎತ್ತುತ್ತಿತ್ತು. ಆಮೇಲೆ ಊದಿದ ಬಲೂನಿನ ಮೇಲೆ ಸಿಪ್ಪೆ ಹಿಂಡಿ ಡಬ್ಬೆನ್ನಿಸುತ್ತಿದ್ದೆ, ಆ ಎಣ್ಣೆ ರಬ್ಬರನ್ನು ಕರಗಿಸುತ್ತದೆ. ಒಂದು ವರ್ಷ ಎಷ್ಟು ಹಿಂಡಿದರೂ ಬಲೂನು ಒಡೆಯಲಿಲ್ಲ. ಹಣ್ಣು ಬಾಡಿತ್ತು, ಎಣ್ಣೆ ಹಾರಿಹೋಗಿತ್ತು. ಹುಡುಗರು ತುಟಿ ಕಚ್ಚಿ ನಗು ತಡೆದರು, ನಾನು ಅಂಗಡಿಯವನ ಮೇಲೆ ಸಿಟ್ಟಾದೆ.

ಕಿಡಿ ನೋಡಿ ಬಾಯಿ ತೆರೆದ ಹುಡುಗರಿಗೆ ನಾನು ಹೇಳುತ್ತಿದ್ದ ಮಾತೊಂದಿತ್ತು. ಈ ಎಣ್ಣೆ ನಿಮ್ಮ ಮೂಗಿಗಾಗಿ ಇರುವುದಲ್ಲ. ಗಿಡಕ್ಕೆ ಓಡಲು ಕಾಲಿಲ್ಲ, ಬೈಯಲು ಬಾಯಿಲ್ಲ. ತಿನ್ನಲು ಬಂದ ಹುಳದ ಮೇಲೆ ಅದು ಈ ಎಣ್ಣೆಯನ್ನು ಸಿಡಿಸುತ್ತದೆ. ನಾವು ಸುವಾಸನೆ ಎಂದು ಮೂಸಿ ಕಣ್ಣು ಮುಚ್ಚುವುದು ಗಿಡದ ಸಿಟ್ಟನ್ನು. ಹೀಗೆಂದಾಗ ಹಿಂದಿನ ಬೆಂಚಿನಿಂದ ಯಾರೋ ಒಬ್ಬ, ಹಾಗಾದರೆ ಗಿಡವೂ ಆಸಿಡ್ ಮೇಡಮ್ಮೇ ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತ್ತು. ಅದೊಂದು ಸಲ ಮಾತ್ರ ಸಿಟ್ಟು ಬರಲಿಲ್ಲ.

ಈಗ ಮೂಲಕ್ಕೆ ಬರುತ್ತೇನೆ. ನನ್ನ ತವರುಮನೆ ಯಲಬುರ್ಗಾದಲ್ಲಿ. ಅಂಗಡಿ ಮುಂದೆ, ಮನೆ ನಡುವೆ, ಹಿತ್ತಲು ಹಿಂದೆ. ಹಿತ್ತಲ ನಡುವೆ ಒಂದು ಲಿಂಬೆಗಿಡ. ನಮ್ಮ ಕಡೆ ಮರಕ್ಕೂ ಗಿಡವೆಂದೇ ಹೆಸರು, ಅಂದಮೇಲೆ ನೀವು ಕುಂಡದಲ್ಲಿರುವ ಸಸಿಯನ್ನು ಕಲ್ಪಿಸಿಕೊಳ್ಳಬೇಡಿ. ಹಿತ್ತಲ ಗೋಡೆಗಿಂತ ಎತ್ತರವಿತ್ತು. ಅವ್ವ ಮದುವೆಯಾಗಿ ಬಂದ ಹೊಸದರಲ್ಲಿ ಬೀಜ ಒಗೆದು ಬೆಳೆಸಿದ್ದು. ಎಲೆಯ ಬುಡದಲ್ಲಿ ಒಂದೊಂದು ಮುಳ್ಳು, ಎಲೆಗೂ ತೊಟ್ಟಿಗೂ ನಡುವೆ ಒಂದು ಗಂಟು. ಎಲೆಯನ್ನು ಸೂರ್ಯನಿಗೆ ಅಡ್ಡ ಹಿಡಿದರೆ ಅದರ ತುಂಬ ಬೆಳಕಿನ ಚುಕ್ಕಿಗಳು ಕಾಣುತ್ತಿದ್ದವು. ಅವೂ ಎಣ್ಣೆಯ ಚೀಲಗಳೇ ಎಂದು ತಿಳಿದದ್ದು ಬಹಳ ತಡವಾಗಿ. ಆಗ ನಾವು ಅದನ್ನು ಎಲೆಯ ಮೈಲಿಬೇನೆ ಎನ್ನುತ್ತಿದ್ದೆವು.

ಅಣ್ಣನಿಗೆ ಆ ಗಿಡದ ಮೇಲೆ ಎಲ್ಲಿಲ್ಲದ ಹೆಮ್ಮೆ. ನಮ್ಮದು ಒಣ ಸೀಮೆ. ಗಂಗಾವತಿ, ಮರಳಿ ಊರುಗಳ ಕಡೆಯವರಂತೆ ಕಾಲುವೆ ತಿರುಗಿಸಿ ಗದ್ದೆ ತುಂಬಿಸುವ ಭಾಗ್ಯ ನಮಗಿರಲಿಲ್ಲ. ಒಂದು ಕೊಡ ನೀರನ್ನೂ ಚೆಲ್ಲಬಾರದೆಂದು ಅವನು ಬಚ್ಚಲಿನಿಂದ ಒಂದು ಸಣ್ಣ ಕಾಲುವೆ ತೋಡಿ ನೇರ ಗಿಡದ ಬುಡಕ್ಕೆ ಬಿಟ್ಟಿದ್ದ. ಮನೆಯವರೆಲ್ಲ ಮಿಂದ ನೀರು ಅಲ್ಲಿಗೇ. ಬುಡದ ಸುತ್ತ ಎರೆಮಣ್ಣು ಏರಿಸಿ, ನೀರು ನಿಲ್ಲಲೆಂದು ಒಡ್ಡು ಕಟ್ಟಿದ್ದ. ಬಂದವರಿಗೆಲ್ಲ, "ನಮ್ಮ ಗಿಡ ದಿನಾ ಜಳಕ ಮಾಡತೈತ್ರಿ," ಎಂದು ಹೇಳಿ ನಗುತ್ತಿದ್ದ.

ಆ ಮನೆಗೆ ಕನಕಗಿರಿಯಿಂದ ಸೊಸೆಯಾಗಿ ಬಂದವಳು ಪಾರವ್ವ ವೈನಿ, ಅಣ್ಣನ ಹೆಂಡತಿ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಅವ್ವನ ಮುಂದೆ ಮಾತ್ರ ಬಾಯಿಗೆ ಬೀಗ. ನಮ್ಮ ಮನೆಯಲ್ಲಿ ಹೆಂಗಸರು ತಿಂಗಳ ಮೂರು ದಿನ ಹೊರಗೆ ಕೂರಬೇಕಿತ್ತು. ಹೊರಗೆ ಎಂದರೆ ಹಿತ್ತಲು. ಹಿತ್ತಲಲ್ಲಿ ನೆರಳೆಂದರೆ ಲಿಂಬೆಗಿಡದ್ದೊಂದೇ. ಆದರೆ ಹೊರಗಾದವರು ಲಿಂಬೆಗಿಡ ಮುಟ್ಟಿದರೆ ಅದು ಒಣಗುತ್ತದೆ, ಅವರ ನೆರಳು ಬಿದ್ದರೂ ಒಣಗುತ್ತದೆ ಎಂಬುದು ಅವ್ವನ ಕಾನೂನು. ಹೀಗಾಗಿ ಇದ್ದ ಒಂದು ನೆರಳನ್ನು ಬಿಟ್ಟು, ಆಚೆಯ ಗೋಡೆಗೆ ಬೆನ್ನು ಹಚ್ಚಿ, ಬಿಸಿಲಲ್ಲಿ ಕೂರಬೇಕು. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತಿಲ್ಲದಿದ್ದರೆ ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಒಮ್ಮೆ ಯಲಬುರ್ಗಾಕ್ಕೆ ಬನ್ನಿ. ಗಿಡಕ್ಕೆ ಬಿಸಿಲು ತಾಗಬಾರದೆಂದು ಸಸಿಗಳಿಗೆ ಚಪ್ಪರ ಹಾಕುವ ಜನ ನಾವು, ಬದುಕಿರುವ ಹೆಂಗಸನ್ನು ಬಿಸಿಲಿಗೆ ಹಾಕಿದ್ದೆವು. ಬರೆಯುವಾಗ ಈಗಲೂ ಪೆನ್ನು ಗಟ್ಟಿಯಾಗಿ ಒತ್ತುತ್ತಿದೆ.

ನಾನೂ ಆ ಗೋಡೆಗೆ ಬೆನ್ನು ಹಚ್ಚಿ ಕೂತವಳೇ. ಆದರೆ ನಾನು ಕೊಪ್ಪಳದಲ್ಲಿ ಓದುತ್ತ ಹಾಸ್ಟೆಲಿನಲ್ಲಿದ್ದೆ, ಕೂತದ್ದು ಕಡಿಮೆ. ವೈನಿಗೆ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಒಂದು ಮಧ್ಯಾಹ್ನ ನಾನು ಊರಿಗೆ ಬಂದಾಗ ಅವಳು ಸೆರಗು ತಲೆಗೆ ಹೊದ್ದು ಗೋಡೆ ಬದಿಗೆ ಕೂತಿದ್ದಳು. ಬಿಸಿಲು ಏರಿದಂತೆ ಗಿಡದ ವಾಸನೆಯೂ ಏರಿ ಹಿತ್ತಲೆಲ್ಲ ತುಂಬಿತ್ತು. ಆಕೆ ಮೂಗು ಅರಳಿಸಿ ಎಳೆದುಕೊಂಡು ಹೇಳಿದಳು:

"ನೋಡವಾ, ಗಿಡ ತಾನಾಗೆ ಬಂದು ನನ್ನ ಮೂಗಿನಾಗ ಕುಂಡ್ರತೈತಿ. ನಾ ಹೋಗಿ ಅದರ ನೆಳ್ಳಾಗ ಕುಂಡ್ರಬಾರದು. ಇದೆಂಥಾ ನ್ಯಾಯ?"

ಅವಳು ಚೇಷ್ಟೆಗೆ ಅಂದದ್ದು. ನಾನು ಪುಸ್ತಕ ಓದಿ ಆಮೇಲೆ ತಿಳಿದುಕೊಂಡೆ, ಅದರಲ್ಲಿ ಚೇಷ್ಟೆ ಏನೂ ಇಲ್ಲ. ವಾಸನೆ ಬಂತು ಎಂದರೆ ಆ ವಸ್ತುವೇ ಬಂತು ಎಂದರ್ಥ. ಬಿಸಿಲಿಗೆ ಎಣ್ಣೆಯ ಕಣಗಳು ಎಲೆ ಬಿಟ್ಟು ಹಾರುತ್ತವೆ, ಗಾಳಿಯಲ್ಲಿ ತೇಲಿ ಬಂದು ಮೂಗಿನ ಒಳಗಿನ ಹಸಿ ಚರ್ಮಕ್ಕೆ ಅಂಟುತ್ತವೆ. ಮುಟ್ಟದೆ ಮೂಸಲು ಯಾರಿಗೂ ಸಾಧ್ಯವಿಲ್ಲ. ಅವ್ವ ಕಾವಲು ಕೂತ ಮೂರೂ ದಿನ ಗಿಡ ಪಾರವ್ವ ವೈನಿಯನ್ನು ಮುಟ್ಟುತ್ತಲೇ ಇತ್ತು, ಮತ್ತು ಸೊಂಪಾಗಿ ಚಿಗುರುತ್ತಲೂ ಇತ್ತು.

ಆ ಗಿಡದಲ್ಲಿ ಒಂದು ಜಾತಿಯ ಹುಳ ಇರುತ್ತಿತ್ತು. ಸಣ್ಣದಿದ್ದಾಗ ಹಕ್ಕಿಯ ಹಿಕ್ಕೆಯಂತೆ, ದೊಡ್ಡದಾದಾಗ ಎಲೆಯಂತೆ ಹಸಿರು. ಕೊನೆಗೆ ಕಪ್ಪು-ಹಳದಿಯ ದೊಡ್ಡ ಚಿಟ್ಟೆಯಾಗಿ ಹಾರಿಹೋಗುತ್ತದೆ. ಗಿಡ ಎಷ್ಟು ಎಣ್ಣೆ ಸಿಡಿಸಿದರೂ ಈ ಹುಳಕ್ಕೆ ಲೆಕ್ಕವಿಲ್ಲ, ಲಿಂಬೆಯ ಜಾತಿ ಬಿಟ್ಟು ಬೇರೆಡೆ ಬಾಯಿಯನ್ನೂ ಹಾಕುವುದಿಲ್ಲ. ವೈನಿಗೆ ಅದರ ಜೊತೆ ಆಟ. ಒಳಗಿರುವ ದಿನಗಳಲ್ಲಿ ಕಡ್ಡಿಯಿಂದ ಅದರ ಬೆನ್ನು ಮುಟ್ಟುವಳು. ತಲೆಯ ಹಿಂದಿನಿಂದ ಕೆಂಪು ಕೊಂಬೊಂದು ಸರಕ್ಕನೆ ಹೊರಬಿದ್ದು ಕೊಳೆತ ಹಣ್ಣಿನ ನಾತ ಬರುತ್ತಿತ್ತು. "ಈ ಹುಳಕ್ಕೂ ಸಿಟ್ಟು ಬಂದ್ರ ಕೊಂಬು ಐತಿ. ನಮಗ ಅದೂ ಇಲ್ಲ ನೋಡು," ಎನ್ನುತ್ತಿದ್ದಳು. ನಾನು ನಕ್ಕಿದ್ದೆ.

ನಮ್ಮ ಓಣಿಯಲ್ಲಿ ಉಪ್ಪಿನಕಾಯಿ ಹಾಕುವುದು ಒಬ್ಬರ ಮನೆಯ ಕೆಲಸವಲ್ಲ. ಇವತ್ತು ಇವರ ಅಂಗಳ, ನಾಳೆ ಅವರ ಅಂಗಳ. ಎಲ್ಲ ಮನೆಯ ಹೆಂಗಸರೂ ಈಳಿಗೆ, ಚಾಕು ಹಿಡಿದು ಬಂದು ಸುತ್ತ ಕೂತು ಲಿಂಬೆಹಣ್ಣು ಹೆಚ್ಚುವರು. ಊರಿನ ಸುದ್ದಿ, ಸೊಸೆಯಂದಿರ ದೂರು, ನಗು, ಹಾಡು ಎಲ್ಲ ಅಲ್ಲೇ. ಹೊಸದಾಗಿ ಬಂದ ಸೊಸೆಗೆ ಓಣಿಯಲ್ಲಿ ಜಾಗ ಸಿಗುವುದು ಆ ಸುತ್ತಿನಲ್ಲಿ. ವೈನಿ ಅಲ್ಲಿಗೆ ಹೋದರೆ ಸುತ್ತಿಗೇ ಕಳೆ ಬರುತ್ತಿತ್ತೆಂದು ಹಿಂದಿನ ಮನೆಯ ಕಲ್ಲವ್ವನೇ ಹೇಳಿದ್ದಳು. ಕಲ್ಲವ್ವನ ನೆನಪಿಟ್ಟುಕೊಳ್ಳಿ, ಅವಳು ಮತ್ತೆ ಬರುತ್ತಾಳೆ.

ಆ ವರ್ಷ ನಮ್ಮ ಅಂಗಳದ ಸರದಿ. ಬೆಳಗಿನಿಂದ ಹೆಚ್ಚಿ, ಹಿಂಡಿ ವೈನಿಯ ಎರಡೂ ಕೈ ಮೊಣಕೈವರೆಗೆ ರಸದಲ್ಲಿ ನೆನೆದಿದ್ದವು. ನಡುವೆ ಅವಳಿಗೆ ತಾನು ಹೊರಗಾದದ್ದು ಗೊತ್ತಾಯಿತು. ಮುಚ್ಚಿಟ್ಟುಕೊಳ್ಳಬಹುದಿತ್ತು. ಮುಚ್ಚಿಡಲಿಲ್ಲ, ಚಾಕು ಕೆಳಗಿಟ್ಟು ಹೇಳಿ ಎದ್ದಳು. ಹೊರಗಾದವಳು ನೀರಿನ ಹಂಡೆ ಮುಟ್ಟುವಂತಿಲ್ಲ, ಬೇರೆಯವರು ಮೇಲಿನಿಂದ ನೀರು ಹೊಯ್ಯಬೇಕು. ಎಲ್ಲರ ಕೈಯಲ್ಲೂ ಉಪ್ಪು-ಖಾರ. ಅವಳಿಗೆ ನೀರು ಹೊಯ್ಯಲು ಯಾರಿಗೂ ಪುರುಸೊತ್ತಿರಲಿಲ್ಲ. ಅವಳು ಅದೇ ಕೈಯಲ್ಲಿ ಹಿತ್ತಲಿಗೆ ಹೋಗಿ ಗೋಡೆಗೆ ಬೆನ್ನು ಹಚ್ಚಿ ಬಿಸಿಲಲ್ಲಿ ಕೂತಳು. ಹೊತ್ತು ಇಳಿದ ಮೇಲೆ ಯಾರೋ ಬಂದು ಕೈಗೆ ನೀರು ಹಾಕಿದರಂತೆ.

ಮುಂದಿನ ರವಿವಾರ ನಾನು ಕೊಪ್ಪಳದಿಂದ ಬಂದಾಗ ಅವಳ ಕೈ ನೋಡಿ ಬೆಚ್ಚಿದೆ. ಹಿಂಗೈ ಕೆಂಪಾಗಿ ಬೊಬ್ಬೆ ಎದ್ದು, ಬೊಬ್ಬೆ ಒಡೆದ ಕಡೆ ಕರಿ ಕಲೆ. ರಸ ಹರಿದ ದಾರಿಯಲ್ಲೇ ಮೊಣಕೈವರೆಗೆ ಗೆರೆಗಳು. ಅವ್ವ ಹೊಸ್ತಿಲಲ್ಲಿ ಕೂತು ಓಣಿಯವರಿಗೆ ಹೇಳುತ್ತಿದ್ದಳು: "ಹೊರಗಾದ ಮ್ಯಾಲೂ ಹಣ್ಣು ಮುಟ್ಯಾಳ, ಹೇಳಿಲ್ಲ. ಗಿಡ ಸುಮ್ನ ಬಿಡತೈತೇನು? ಗುರ್ತು ಹಾಕೈತಿ." ಹಾಕಿದ್ದ ಉಪ್ಪಿನಕಾಯಿಯನ್ನೆಲ್ಲ ಬರಣಿಸಹಿತ ತಿಪ್ಪೆಗೆ ಸುರಿಸಿದ್ದಳು.

ಅಲ್ಲಿಗೆ ನಿಂತಿದ್ದರೆ ಜನ ಮರೆಯುತ್ತಿದ್ದರು. ಆದರೆ ಮಳೆಗಾಲ ಕಳೆಯುವಷ್ಟರಲ್ಲಿ ಗಿಡದ ಎಲೆಗಳು ಹಳದಿಗೆ ತಿರುಗಿದವು. ಬುಡದ ತೊಗಟೆ ಒಡೆದು ಕಂದು ಅಂಟು ಸುರಿಯಿತು. ಅಣ್ಣ ಪಾಪ, ಗಿಡ ಸೊರಗುತ್ತಿದೆಯೆಂದು ಇನ್ನಷ್ಟು ನೀರು ಬಿಟ್ಟ. ಗಿಡ ಇನ್ನಷ್ಟು ಬೇಗ ಒಣಗಿತು. ಕೊನೆಗೆ ಕಡಿದು ಹಾಕಿದರು. ಕಲ್ಲವ್ವ ಓಣಿಯ ನಡುವೆ ನಿಂತು, "ಇನ್ನ ಮ್ಯಾಲ ಪಾರವ್ವನ ಕೈ ಉಪ್ಪಿನಕಾಯಿಗೆ ಬ್ಯಾಡ," ಎಂದಳು. ಬೇಡವೆಂದರೆ ಬೇಡ. ಅಂದಿನಿಂದ ಯಾರ ಅಂಗಳದ ಸುತ್ತಿಗೂ ವೈನಿಯನ್ನು ಕರೆಯಲಿಲ್ಲ. ಉಪ್ಪಿನಕಾಯಿ ಬಿಟ್ಟಿತು, ಹಪ್ಪಳ ಬಿಟ್ಟಿತು, ಸಂಡಿಗೆ ಬಿಟ್ಟಿತು. ಗಿಡ ಒಣಗಿಸಿದಾಕಿ ಎಂಬುದೇ ಅವಳ ಗುರುತಾಯಿತು. ಸುದ್ದಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ ಹೆಂಗಸು ಗೋಡೆಯ ಈಚೆ ಕೂತು ಆಚೆಯ ನಗು ಕೇಳಿಸಿಕೊಂಡಳು.

ನಾನು ಎಂ.ಎಸ್ಸಿ.ಗೆಂದು ಧಾರವಾಡಕ್ಕೆ ಹೋದೆ. ಅಲ್ಲಿ ಲೈಬ್ರರಿಯ ಒಂದು ದಪ್ಪ ಪುಸ್ತಕದಲ್ಲಿ ವೈನಿಯ ಕೈ ಸಿಕ್ಕಿತು. ಚಿತ್ರದಲ್ಲಿದ್ದದ್ದು ಯಾವುದೋ ಬಿಳಿ ಚರ್ಮದ ಕೈ, ಆದರೆ ಕಲೆ ಅದೇ, ಗೆರೆ ಅದೇ. ಲಿಂಬೆಯ ಸಿಪ್ಪೆಯ ಎಣ್ಣೆಯಲ್ಲಿ ಹಾರಿಹೋಗುವ ವಸ್ತುಗಳಿರುವಂತೆ ಹಾರದೆ ಉಳಿಯುವ ವಸ್ತುಗಳೂ ಇವೆ. ಬರ್ಗಾಪ್ಟೆನ್ ಅಂಥದ್ದು. ಅದಕ್ಕೆ ವಾಸನೆಯಿಲ್ಲ. ತೊಳೆಯದಿದ್ದರೆ ಚರ್ಮದ ಮೇಲೆ ಸುಮ್ಮನೆ ಕೂತಿರುತ್ತದೆ. ಬಿಸಿಲು ಬಿದ್ದರೆ ಮಾತ್ರ ಎಚ್ಚರಾಗಿ ಚರ್ಮವನ್ನು ಸುಡುತ್ತದೆ, ಒಂದೆರಡು ದಿನಕ್ಕೆ ಬೊಬ್ಬೆ, ಆಮೇಲೆ ತಿಂಗಳುಗಟ್ಟಲೆ ಕರಿ ಕಲೆ. ಓದುತ್ತ ಓದುತ್ತ ನನ್ನ ಕಿವಿ ಬಿಸಿಯಾಯಿತು. ಅವತ್ತು ಹಣ್ಣು ಹೆಚ್ಚಿದ ಹೆಂಗಸರೆಲ್ಲ ಕೈ ತೊಳೆದು ಮನೆಯೊಳಗೆ ಹೋದರು, ಅವರಿಗೇನೂ ಆಗಲಿಲ್ಲ. ಒಬ್ಬಳಿಗೆ ಮಾತ್ರ ನೀರು ಕೊಡಲಿಲ್ಲ, ಒಬ್ಬಳಿಗೆ ಮಾತ್ರ ನೆರಳು ಕೊಡಲಿಲ್ಲ. ಅವಳ ಕೈ ಸುಟ್ಟದ್ದು ನಾವು. ಸುಟ್ಟ ಗಾಯವನ್ನೇ ಅವಳ ತಪ್ಪಿಗೆ ಸಾಕ್ಷಿ ಎಂದೆವು.

ಗಿಡದ ಕಥೆಯೂ ಹಾಗೆಯೇ. ಲಿಂಬೆಯ ಜಾತಿಗೆ ಬುಡದಲ್ಲಿ ನೀರು ನಿಂತರೆ ಆಗಿಬರುವುದಿಲ್ಲ. ಒದ್ದೆ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಒಂದು ಬೂಸ್ಟು ಹುಟ್ಟಿ, ನೀರಿನಲ್ಲೇ ಈಜಿ ಬಂದು ತೊಗಟೆ ಹೊಕ್ಕು ಬೇರು ಕೊಳೆಸುತ್ತದೆ. ಆ ಅಂಟು ಗಿಡದ ಕೊನೆಯ ಹೋರಾಟ. ಮೊದಲೇ ಎರೆಮಣ್ಣು, ಹಿಡಿದ ನೀರು ಬಿಡದ ಮಣ್ಣು. ಮೇಲೆ ದಿನವೂ ಬಚ್ಚಲ ನೀರು.

ರಜೆಗೆ ಬಂದವಳೇ ಇದನ್ನೆಲ್ಲ ಊಟದ ಹೊತ್ತಿನಲ್ಲಿ ಹರವಿದೆ. ಕೂಗಾಡಿದೆ ಎನ್ನುವುದೇ ಸರಿ. ಅವ್ವ ಶಾಂತವಾಗಿ, "ನಿನ್ನ ಪುಸ್ತಕ ನನ್ನ ಗಿಡ ತಂದು ಕೊಡತೈತೇನು?" ಎಂದಳು. ಅಣ್ಣ, "ನೀರು ಹಾಕಿದ್ರ ಗಿಡ ಸಾಯತೈತಿ ಅಂತಾಳ ನೋಡು. ಓದಿ ಓದಿ ತೆಲಿ ಕೆಟ್ಟೈತಿ ಈಕಿಗೆ," ಎಂದು ನಕ್ಕ. ನಾನು ತಾಟು ನೂಕಿ ಎದ್ದೆ. ವೈನಿ ಹಿಂದೆಯೇ ಬಂದು ನನ್ನ ತೋಳು ಹಿಡಿದಳು. ಅವಳ ಹಿಂಗೈಯ ಕಲೆ ಆಗ ಮಾಸಿತ್ತು.

"ಬಿಡವಾ. ನೀ ನಾಳೆ ಬಸ್ ಹತ್ತಿ ಹೋಗ್ತಿ. ನಾ ಇಲ್ಲೇ ಇರಾಕಿ."

ರಜೆ ಮುಗಿದ ಮೇಲೆ ನಾನು ಬಸ್ಸು ಹತ್ತಿದೆ.

ಅವ್ವ ತೀರಿಕೊಂಡ ಮೇಲೆ ವೈನಿ ಹಿತ್ತಲ ಅದೇ ಜಾಗದಲ್ಲಿ ಒಂದು ಲಿಂಬೆಗಿಡ ಬೆಳೆಸಿದಳು. ಹಳೆಯ ಗಿಡ ಒಣಗುವ ಮುಂಚಿನ ಕೊನೆಯ ಹಣ್ಣುಗಳ ಬೀಜ ಕಿತ್ತು, ಒಡೆದ ಕೊಡದಲ್ಲಿ ಹುಗಿದು ತವರಿಗೆ ಕಳಿಸಿದ್ದಳಂತೆ. ಕನಕಗಿರಿಯಲ್ಲಿ ಬೆಳೆದ ಆ ಗಿಡದ ಹಣ್ಣಿನಿಂದ ಮತ್ತೆ ಬೀಜ ತಂದಳು. ಲಿಂಬೆಯ ಬೀಜ ಒಂದು ವಿಚಿತ್ರ. ಒಂದೇ ಬೀಜದೊಳಗೆ ಎರಡು ಮೂರು ಸಸಿ ಇರುತ್ತವೆ, ಅವುಗಳಲ್ಲಿ ಹೆಚ್ಚಿನವು ತಂದೆಯ ಸೋಂಕೇ ಇಲ್ಲದೆ ಹುಟ್ಟಿದ, ತಾಯಿಯ ಪಡಿಯಚ್ಚು. ಅಂದರೆ ಈಗ ಹಿತ್ತಲಲ್ಲಿರುವುದು ಹಳೆಯ ಗಿಡವೇ ಎನ್ನಬಹುದು. ಒಣಗಿಸಿದಾಕಿ ಎಂದು ಹೆಸರು ಹೊತ್ತವಳು ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ್ದಳು. ಓಣಿಯ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಹೋದ ತಿಂಗಳು ನಾನು ಯಲಬುರ್ಗಾಕ್ಕೆ ಹೋದೆ. ಅಣ್ಣನ ಮಗ, ಸೊಸೆ ಇಬ್ಬರೂ ಕೊಪ್ಪಳದಲ್ಲಿ ನೌಕರಿ, ಬೆಳಗಿನ ಬಸ್ಸಿಗೆ ಹೋಗಿದ್ದರು. ಅಣ್ಣ ಅಂಗಡಿಯಲ್ಲಿದ್ದ. ಕೈಕಾಲು ತೊಳೆಯಲೆಂದು ಹಿತ್ತಲಿಗೆ ಹೋದವಳು ಅಲ್ಲೇ ನಿಂತುಬಿಟ್ಟೆ. ಆಚೆಯ ಗೋಡೆಗೆ ಬೆನ್ನು ಹಚ್ಚಿ, ಬಿಸಿಲಲ್ಲಿ, ಸಹನಾ ಕೂತಿದ್ದಳು. ಸಹನಾ ಅಣ್ಣನ ಮೊಮ್ಮಗಳು, ಹೈಸ್ಕೂಲಿಗೆ ಹೋಗುವ ಹುಡುಗಿ. ಈ ವರ್ಷವೇ ದೊಡ್ಡವಳಾಗಿದ್ದಾಳೆ. ಓದುವ ಪುಸ್ತಕವನ್ನು ತಲೆಯ ಮೇಲೆ ಮನೆಯ ಸೂರಿನಂತೆ ಇಟ್ಟುಕೊಂಡಿದ್ದಳು. ನಮ್ಮಲ್ಲಿ ಅಜ್ಜಿಗೆ ಅಮ್ಮ ಎನ್ನುವುದು ರೂಢಿ. ನನ್ನನ್ನು ಕಂಡು, "ಗಂಗಾವತಿ ಅಮ್ಮಾ, ನೋಡು, ನೆಳ್ಳಾಗ ಕುಂಡ್ರಾಕ ಬಿಡವಲ್ಲಳು," ಎಂದಳು.

ಯಾರು ಬಿಡಲೊಲ್ಲರು ಎಂದು ಕೇಳುವ ಮೊದಲೇ ಅಡುಗೆಮನೆಯಿಂದ ಪಾರವ್ವ ವೈನಿಯ ದನಿ ಬಂತು: "ಅಲ್ಲೇ ಕುಂಡ್ರು. ಗಿಡದ ಕಡಿ ಬರಬ್ಯಾಡ."

ನನ್ನ ಸಿಟ್ಟಿಗೆ ಅದುವರೆಗೆ ಅಷ್ಟು ಎತ್ತರ ಗೊತ್ತಿರಲಿಲ್ಲ. ಬೀಜದೊಳಗಿನ ಸಸಿಗಳ ಹಾಗೆ ಈಕೆಯೂ ಅವ್ವನ ಪಡಿಯಚ್ಚಾದಳೇ ಎನ್ನಿಸಿತು. ಅಡುಗೆಮನೆಗೆ ನುಗ್ಗಿ ಏನೇನು ಅಂದೆನೋ. "ನಿಮ್ಮ ಕೈ ಮರತೀರೇನ್ರಿ ವೈನಿ? ಯಾರಿಗೆ ಮರತ್ರೂ ನಿಮಗ ಮರಿಯಾಕ ಹೆಂಗ ಬಂತು?" ಎಂದದ್ದು ನೆನಪಿದೆ.

ವೈನಿ ಒಲೆ ಆರಿಸಿದಳು. ಕೈ ಒರೆಸಿಕೊಂಡು, ನನ್ನ ಮುಂದೆ ನಡೆದು, ಗಿಡದ ಬುಡದಲ್ಲಿ ಕೂತಳು. "ಬಾ, ನೋಡಿಲ್ಲಿ," ಎಂದಳು.

ತೊಗಟೆ ಬಿರಿದು ಕಂದು ಅಂಟು ಜಿನುಗಿತ್ತು. ಬುಡದ ಸುತ್ತ ಅಣ್ಣ ಕಟ್ಟಿದ ಅದೇ ಒಡ್ಡು, ಅದೇ ಬಚ್ಚಲ ಕಾಲುವೆ, ಮಣ್ಣು ಪಿತಿಪಿತಿ.

"ಮತ್ತ ಅಂಟು ಬರಾಕತ್ತೈತಿ," ಎಂದಳು ದನಿ ತಗ್ಗಿಸಿ. "ಈ ಗಿಡಾನೂ ಸಾಯತೈತಿ. ಸತ್ತಾಗ ಯಾರ ಮ್ಯಾಲ ಹಾಕ್ತಾರ? ನಂದಂತೂ ನಿಂತು ಎಷ್ಟೋ ವರ್ಷ ಆತು. ಮನ್ಯಾಗ ಹೊಸದಾಗಿ ಹೊರಗ ಕುಂಡ್ರಾಕಿ ಆ ಕೂಸು ಒಂದ. ಅಕಿ ಇತ್ತಾಗ ಕಾಲ ಇಟ್ಟಿಲ್ಲ ಅಂತ ನಾ ಓಣಿಗೆಲ್ಲ ಹೇಳಾಕ ಬರಬೇಕು. ಅದಕ್ಕ ಬಿಸಿಲಾಗ ಕುಂಡ್ರಿಸೇನಿ. ನನಗ ಹೆಂಗ ಮರತೀತವಾ?"

ಇಷ್ಟು ವರ್ಷ ನಾನು ಊರಿಗೆಲ್ಲ ಹಂಚಿದ ಸಿಟ್ಟಿನಲ್ಲಿ ಒಂದು ಹನಿಯನ್ನೂ ಈ ಹೆಂಗಸು ಯಾರ ಮೇಲೂ ಹಾಕಿರಲಿಲ್ಲ. ಎಲ್ಲವನ್ನೂ ಒಳಗೆ ಇಟ್ಟುಕೊಂಡು, ಆ ಹುಡುಗಿಗೆ ಬೇಲಿ ಕಟ್ಟುತ್ತಿದ್ದಳು. ಬೇಲಿ ಹಾಕಿದ್ದು ತಪ್ಪು ಜಾಗದಲ್ಲಿ ಎಂದು ನನಗೆ ಆಗಲೂ ಅನ್ನಿಸಿತು. ಆದರೆ ಅವಳ ಮೇಲೆ ಸಿಟ್ಟಾಗುವ ಹಕ್ಕು ನನಗಿರಲಿಲ್ಲ.

ಮೂಲೆಯಲ್ಲಿ ಸಲಿಕೆ ಇತ್ತು. ಎತ್ತಿಕೊಂಡೆ. ಸೀರೆ ನೆರಿಗೆ ಸಿಕ್ಕಿಸಿ ಒಡ್ಡಿಗೆ ಹಾಕಿದ ಮೊದಲ ಏಟಿಗೇ ಸೊಂಟ ಹಿಡಿಯಿತು. ಜೀವಮಾನವೆಲ್ಲ ಗಾಜಿನ ನಳಿಗೆ ಎತ್ತಿದ ಕೈಗೆ ಎರೆಮಣ್ಣು ಮಣಿಯಲಿಲ್ಲ. ವೈನಿ ಸಲಿಕೆ ಕಸಿದುಕೊಂಡಳು. ಅವಳು ಅಗೆದಳು, ನಾನು ಮಣ್ಣು ಎಳೆದೆ. ಬುಡದ ಮಣ್ಣು ಇಳಿಸಿ, ಒಡ್ಡು ಒಡೆದು, ಕಾಲುವೆಯನ್ನು ಗೋಡೆಯ ಕಡೆ ತಿರುಗಿಸುವ ಹೊತ್ತಿಗೆ ಅಣ್ಣ ಊಟಕ್ಕೆಂದು ಬಂದ.

"ಏನ್ ಮಾಡಾಕತ್ತೀರಿ? ಗಿಡಕ್ಕ ನೀರು ಬ್ಯಾಡೇನು?"

ನಾನು ಬಾಯಿ ತೆರೆದೆ. ವೈನಿ ಕೈ ಅಡ್ಡ ಹಿಡಿದು ನನ್ನನ್ನು ತಡೆದಳು. ಸಲಿಕೆ ನೆಲಕ್ಕೆ ಊರಿ ಗಂಡನ ಕಡೆ ತಿರುಗಿದಳು.

"ಆವತ್ತಿನ ಗಿಡ ನಿಮ್ಮ ಬಚ್ಚಲ ನೀರಾಗ ಸತ್ತಿತ್ರಿ. ನನ್ನ ಕೈಲೆ ಅಲ್ಲ. ನಿಮ್ಮ ತಂಗಿ ಆವಾಗ ಹೇಳಿದ್ಲು. ನೀವು ನಕ್ರಿ. ನಾ ಇಷ್ಟು ವರ್ಷ ನಿಮ್ಮ ಓಣ್ಯಾಗ ತೆಲಿ ಬಗ್ಗಿಸಿಕೊಂಡು ಅಡ್ಡಾಡೀನಿ. ಇನ್ನ ಆಗೂದಿಲ್ಲ."

ದನಿ ಏರಲಿಲ್ಲ. ಅಣ್ಣ ಅವಳ ಮುಖ ನೋಡಿದ, ಗಿಡದ ಬುಡ ನೋಡಿದ, ಅಂಟನ್ನು ಬೆರಳಿಂದ ಮುಟ್ಟಿ ನೋಡಿದ. ಆಮೇಲೆ, "ಹಂಗಾರ ನೀರು ಎಲ್ಲಿಗೆ ಬಿಡೂದು?" ಎಂದು ಕೇಳಿದ. ಅದಕ್ಕಿಂತ ಹೆಚ್ಚೇನಾದರೂ ಹೇಳುತ್ತಾನೆಂದು ನಾನು ಕಾದೆ. ಹೇಳಲಿಲ್ಲ. ಚಪ್ಪಲಿ ಬಿಟ್ಟು ಸಲಿಕೆ ತೆಗೆದುಕೊಂಡು ಕಾಲುವೆ ಆಳ ಮಾಡತೊಡಗಿದ. ಇದು ಕ್ಷಮೆಯೆಂದು ನಾನು ಒಪ್ಪುವುದಿಲ್ಲ, ವೈನಿ ಒಪ್ಪಿದ್ದಾಳೋ ಏನೋ ಕೇಳಿಲ್ಲ.

ವೈನಿ ಗೋಡೆಯ ಕಡೆ ಕೂಗಿದಳು: "ಸಹನಾ, ಬಾ, ನೆಳ್ಳಾಗ ಕುಂಡ್ರು."

ಹುಡುಗಿ ಎದ್ದಳು, ಆದರೆ ನೆರಳಿನ ಅಂಚಿಗೆ ಬಂದು ನಿಂತಳು. "ಅಮ್ಮಾ, ಗಿಡ ಒಣಗಿದ್ರ?"

"ಒಣಗಿದ್ರ ನಿಮ್ಮ ಮುತ್ಯಾನ ಕೇಳೂಣು," ಎಂದಳು ವೈನಿ. ಅಜ್ಜನ ಸಲಿಕೆಯ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ವೈನಿ ಒಂದು ಎಲೆ ಕಿತ್ತು, ಅಂಗೈಯಲ್ಲಿ ಹೊಸಕಿ, ಹುಡುಗಿಯ ಮೂಗಿಗೆ ಹಿಡಿದಳು. "ಮೂಸು. ಆಮ್ಯಾಲ ನೀರು ಹಾಕ್ತೀನಿ, ಕೈ ತೊಳಕೊ. ತೊಳೀದ ಬಿಸಿಲಿಗೆ ಹೋಗಬ್ಯಾಡ." ಹುಡುಗಿ ಎಲೆಯನ್ನು ಇಸಿದುಕೊಂಡು ಗಿಡಕ್ಕೆ ಒರಗಿ ಕೂತಳು. ಹಂಡೆಯಿಂದ ತಂಬಿಗೆಯಲ್ಲಿ ನೀರು ಮೊಗೆದು ತಂದವಳು ವೈನಿಯೇ. ನಾನು ಹಿಂತಿರುಗುವ ಮುನ್ನ ಬುಡದ ತೊಗಟೆ ಕೆರೆದು, ಬೂಸ್ಟು ಕೊಲ್ಲುವ ಮೈಲುತುತ್ತ-ಸುಣ್ಣ ಕಲಸಿ ಬಳಿದು ಬಂದೆ. ಉಳಿಯುತ್ತದೋ ಇಲ್ಲವೋ ಹೇಳಲಾರೆ ಎಂದಿದ್ದೆ.

ಇಷ್ಟೆಲ್ಲ ಆ ಹಸಿರು ಸಾಬೂನು ಹಿಡಿದು ನಿಂತಾಗ ತಲೆಯಲ್ಲಿ ಹಾದುಹೋಯಿತು. ಚಹಾದ ಪಾತ್ರೆ ಇನ್ನೂ ತೊಳೆದು ಮುಗಿದಿರಲಿಲ್ಲ, ಫೋನು ಬಂತು. ಸಹನಾ.

"ಗಂಗಾವತಿ ಅಮ್ಮಾ, ಒಂದು ಟೊಂಗಿ ಒಣಗೈತಿ. ಉಳಿದದ್ದು ಹಸರೈತಿ." ಆಮೇಲೆ ಹೇಳಿದಳು: "ಹಿಂದಿನ ಮನಿ ಕಲ್ಲವ್ವಮ್ಮ ಬಂದಿದ್ಲು. ಟೊಂಗಿ ನೋಡಿ, ಮುಟ್ಟಬಾರದಾಗ ಯಾರರ ಮುಟ್ಟೀರೇನು ಅಂತ ಕೇಳಿದ್ಲು. ನನ್ನ ಮಾರಿ ನೋಡಕೋತ ಕೇಳಿದ್ಲು."

ನನ್ನ ಕೈ ಸಾಬೂನನ್ನು ಬಿಗಿಯಾಗಿ ಹಿಡಿಯಿತು. "ನಿಮ್ಮಮ್ಮ ಏನಂದ್ಲು?"

"ಹೂಂ, ನಾವೆಲ್ಲಾರೂ ಮುಟ್ಟೀವಿ ಅಂದ್ಲು. ಆಮ್ಯಾಲ ಉಡಿತುಂಬ ಹಣ್ಣು ಹರಕೊಂಡು ಬಂದು ಕಲ್ಲವ್ವಮ್ಮನ ಸೆರಗಿನಾಗ ಹಾಕಿದ್ಲು. ಉಪ್ಪಿನಕಾಯಿ ಹಾಕು, ನಾಳಿ ನಾನೂ ಬರ್ತೀನಿ ಹೆಚ್ಚಾಕ, ಈಳಿಗಿ ನಂದ ತರ್ತೀನಿ ಅಂದ್ಲು."

"ಕಲ್ಲವ್ವ ಹಣ್ಣು ಒಯ್ದಳೇನು?"

"ಒಯ್ದಳು," ಎಂದಳು ಸಹನಾ. "ಅಮ್ಮ ಈಗ ಅಂಗಳದಾಗ ಕುಂತು ಈಳಿಗಿ ಮಸಿಯಾಕತ್ಯಾಳ. ಸಪ್ಪಳ ಕೇಳಸ್ತೈತೇನು?"

ನಾನು ನಲ್ಲಿ ನಿಲ್ಲಿಸಿದೆ. ಫೋನಿನಲ್ಲಿ ಕಲ್ಲಿಗೆ ಕಬ್ಬಿಣ ಉಜ್ಜುವ ಸದ್ದು ಸಣ್ಣಗೆ ಬರುತ್ತಿತ್ತು. ಸಾಬೂನು ಕೈಯಲ್ಲೇ ಇತ್ತು, ಪಾತ್ರೆ ಹಾಗೇ ಬಿದ್ದಿತ್ತು, ನಾನು ಕೇಳುತ್ತ ನಿಂತೆ.